ಮಸೂರ ಕಳಚಿದ ಸೂಕ್ಷ್ಮದರ್ಶಕ

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲ್ಯೂವೆನ್‌ಹಾಕ್ 1670ರ ದಶಕದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡದ್ದು ಅಂಗೈಯಲ್ಲಿ ಅಡಗುವ ಉಪಕರಣದಿಂದ. ಎರಡು ಲೋಹದ ತಗಡು, ನಡುವೆ ಒಂದೇ ಒಂದು ಪುಟ್ಟ ಮಸೂರ, ಮಾದರಿ ಚುಚ್ಚಿಡಲು ಒಂದು ಮೊನೆ. ಉಳಿದುಬಂದಿರುವ ಅವರ ಉಪಕರಣಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಆದರೆ ಅದನ್ನು ಕಣ್ಣಿಗೆ ಒತ್ತಿ ಹಿಡಿದು ಬೆಳಕಿನತ್ತ ನೋಡುವ ಪಾಡು ಎಲ್ಲರಿಗೂ ಒಗ್ಗುವಂಥದ್ದಾಗಿರಲಿಲ್ಲ.

ಕೊನೆಗೆ ಗೆದ್ದದ್ದು ಹಲವು ಮಸೂರಗಳ ಕೊಳವೆ. ಅಂಚಿನಲ್ಲಿ ಮೂಡುವ ಬಣ್ಣ, ಮಬ್ಬು ತಿದ್ದಲು ಇನ್ನೊಂದು ಮಸೂರ. ಅದರ ದೋಷಕ್ಕೆ ಮತ್ತೊಂದು. 1830ರಲ್ಲಿ ಇಂಗ್ಲೆಂಡಿನ ಜೋಸೆಫ್ ಜಾಕ್ಸನ್ ಲಿಸ್ಟರ್ ಈ ಜೋಡಣೆಗೆ ನಿಯಮ ಕೊಟ್ಟರು. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬ್ಬೆ, ಸ್ಪಷ್ಟತೆಗೆ ಬೆಳಕಿನ ತರಂಗಾಂತರವೇ ಮಿತಿ ಹಾಕುತ್ತದೆ ಎಂದು ತೋರಿಸಿದರು. ಚಿತ್ರ ಚೊಕ್ಕವಾಯಿತು, ಯಂತ್ರ ಭಾರವಾಯಿತು.

ಅತ್ತ ಪ್ರಯೋಗಾಲಯವೇ ಕುಗ್ಗತೊಡಗಿತ್ತು. 1979ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಟೆರ್ರಿ ಮತ್ತು ಸಂಗಡಿಗರು ಅನಿಲಗಳನ್ನು ಬೇರ್ಪಡಿಸುವ ಸಾಧನವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕೊರೆದರು. 1990ರ ನಂತರ ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಲ್ಲಿ ದ್ರವ ಹರಿಸಿ ಪರೀಕ್ಷಿಸುವ ಚಿಪ್‌ಗಳ ಸಂಶೋಧನೆ ಭರದಿಂದ ಬೆಳೆಯಿತು. ಆದರೆ ಆ ಕಾಲುವೆಯೊಳಗಿನ ಜೀವಕೋಶವನ್ನು ನೋಡಬೇಕೆಂದರೆ ಚಿಪ್ಪನ್ನು ಮತ್ತದೇ ಭಾರದ ಯಂತ್ರದ ಕೆಳಗೆ ಇಡಬೇಕಿತ್ತು!

ಈ ಗಂಟು ಬಿಚ್ಚಲು ನೆರವಾದದ್ದು ಡಿಜಿಟಲ್ ಕ್ಯಾಮೆರಾದ ಸಂವೇದಕ. ಅಮೆರಿಕದ ತಂತ್ರಜ್ಞಾನ ಸಂಸ್ಥೆ ಕ್ಯಾಲ್‌ಟೆಕ್‌ನ ಚಾಂಗ್‌ಹುವೆಯ್ ಯಾಂಗ್ ಅವರ ತಂಡ ಅದರ ಮೇಲೆ ಲೋಹದ ತೆಳು ಪದರ ಹೊದಿಸಿ, ಮೈಕ್ರಾನಿಗಿಂತ ಕಿರಿದಾದ ತೂತುಗಳನ್ನು ಓರೆಸಾಲಿನಲ್ಲಿ ಕೊರೆಯಿತು. ಮೇಲಿನ ಕಾಲುವೆಯಲ್ಲಿ ಪುಟ್ಟ ಹುಳು ಹರಿದುಹೋಗುವಾಗ ಒಂದೊಂದು ತೂತು ಅದರ ಮೈಯ ಒಂದೊಂದು ಗೆರೆಯನ್ನು ದಾಖಲಿಸುತ್ತದೆ. ಗೆರೆಗಳನ್ನು ಜೋಡಿಸಿದರೆ ಚಿತ್ರ ಸಿದ್ಧ. 2008ರಲ್ಲಿ ತಂಡ ಪ್ರಕಟಿಸಿದ ಈ ಸಾಧನದಲ್ಲಿ ಮಸೂರವೇ ಇರಲಿಲ್ಲ. ಹುಳು ನಡುವೆ ಹೊರಳಿದರೆ ಮಾತ್ರ ಚಿತ್ರ ಕೆಡುತ್ತಿತ್ತು.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐದೊಆನ್ ಓಜ್ಜಾನ್ ಬೇರೆ ದಾರಿ ಹಿಡಿದರು. ಡೆನ್ನಿಸ್ ಗೇಬರ್ 1940ರ ದಶಕದಲ್ಲಿ ಕಂಡುಹಿಡಿದ ಹಾಲೋಗ್ರಫಿಯನ್ನು, ಅಂದರೆ ಬೆಳಕಿನ ಅಲೆಗಳು ಬೆರೆತು ಮೂಡುವ ವಿನ್ಯಾಸವನ್ನು ದಾಖಲಿಸುವ ವಿಧಾನವನ್ನು ಬಳಸಿ, ಕಣಗಳ ನೆರಳನ್ನು ಹಿಡಿದು ಕಂಪ್ಯೂಟರ್ ಲೆಕ್ಕದಿಂದ ರೂಪ ತೆಗೆದರು. ಅವರ ತಂಡದ 2010ರ ಉಪಕರಣ ತೂಗಿದ್ದು ಸುಮಾರು 46 ಗ್ರಾಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಹರಿಯುವ ರಕ್ತಕಣಗಳ ಚಿತ್ರ ತೆಗೆಯುವ ಚಿಪ್ ಆಧಾರಿತ ಸೂಕ್ಷ್ಮದರ್ಶಕಗಳ ಮೇಲೆ ಕೆಲಸ ನಡೆದಿದೆ.

ಇಷ್ಟಾದರೂ ಮಲೇರಿಯಾ ಪತ್ತೆಯಲ್ಲಿ ಹೊಸ ಉಪಕರಣಗಳನ್ನು ಒರೆಗೆ ಹಚ್ಚುವುದು ಇಂದಿಗೂ ಗಾಜಿನ ಸ್ಲೈಡ್, ಮೇಜಿನ ಸೂಕ್ಷ್ಮದರ್ಶಕ ಮತ್ತು ಪಳಗಿದ ತಂತ್ರಜ್ಞರ ಕಣ್ಣಿನ ಎದುರಿಗೇ.