ಶ್ವಾಸಕೋಶದಲ್ಲಿ ರಕ್ತದ ಹೆಪ್ಪು: ಅಪಾಯ ಯಾರಿಗೆ ಹೆಚ್ಚು?

ಹೆಪ್ಪುಗಟ್ಟಿದ ರಕ್ತದ ತುಣುಕು ಶ್ವಾಸಕೋಶದ ರಕ್ತನಾಳವನ್ನು ಮುಚ್ಚುವ ಸ್ಥಿತಿಯನ್ನು ಪಲ್ಮನರಿ ಎಂಬಾಲಿಸಮ್ ಎಂದು ಕರೆಯಲಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಈ ಹೆಪ್ಪು ಕಾಲಿನ ಅಥವಾ ತೊಡೆಯ ಆಳದ ರಕ್ತನಾಳದಲ್ಲಿ ಉಂಟಾಗಿ, ಅಲ್ಲಿಂದ ಕಳಚಿಕೊಂಡು, ಹೃದಯದ ಮೂಲಕ ಶ್ವಾಸಕೋಶವನ್ನು ತಲುಪುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದಲ್ಲಿ ಪ್ರಾಣಾಪಾಯ ಸಂಭವಿಸಬಹುದು.

ಕಾರಣಗಳು

ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಪದರಕ್ಕೆ ಹಾನಿಯಾಗುವುದು ಹಾಗೂ ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುವುದು ಮುಖ್ಯ ಕಾರಣಗಳಾಗಿವೆ.

ಹೆಚ್ಚಿನ ಅಪಾಯವುಳ್ಳವರು

• ಸೊಂಟ ಅಥವಾ ಮೊಣಕಾಲಿನ ಕೀಲು ಬದಲಾವಣೆ ಹಾಗೂ ಇತರ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದವರು
• ಮೂಳೆ ಮುರಿತ, ಪಾರ್ಶ್ವವಾಯು ಮುಂತಾದ ಕಾರಣಗಳಿಂದ ಹಾಸಿಗೆ ಹಿಡಿದವರು
• ಕ್ಯಾನ್ಸರ್ ರೋಗಿಗಳು
• ಈ ಹಿಂದೆ ತಮಗಾಗಲಿ, ಹತ್ತಿರದ ರಕ್ತಸಂಬಂಧಿಗಳಿಗಾಗಲಿ ಇಂತಹ ಹೆಪ್ಪು ಉಂಟಾಗಿದ್ದವರು
• ಗರ್ಭಿಣಿಯರು ಮತ್ತು ಬಾಣಂತಿಯರು
• ಈಸ್ಟ್ರೋಜನ್ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ ಸೇವಿಸುವವರು
• ವಯೋವೃದ್ಧರು, ಬೊಜ್ಜು ಉಳ್ಳವರು ಹಾಗೂ ಧೂಮಪಾನಿಗಳು
• ಬಸ್ಸು, ರೈಲು, ವಿಮಾನಗಳಲ್ಲಿ 4 ಗಂಟೆಗಿಂತ ಹೆಚ್ಚು ಕಾಲ ಅಲುಗಾಡದೆ ಕುಳಿತು ಪ್ರಯಾಣಿಸುವವರು. ಇತರ ಕಾರಣಗಳಿಲ್ಲದಿದ್ದಲ್ಲಿ ಇವರಿಗೆ ಅಪಾಯ ಅಲ್ಪ.

ಒಬ್ಬರಲ್ಲಿಯೇ ಎರಡು ಮೂರು ಕಾರಣಗಳು ಸೇರಿದಾಗ ಅಪಾಯವು ಹೆಚ್ಚುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ನಂತರ

ಇಂತಹ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಆಸ್ಪತ್ರೆಯಲ್ಲಿರುವಾಗ ಅಥವಾ ಬಿಡುಗಡೆಯಾದ 3 ತಿಂಗಳೊಳಗೆ ಕಂಡುಬರುತ್ತವೆ. ಆದ್ದರಿಂದ ಮನೆಗೆ ಮರಳಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಬಾರದು. ವೈದ್ಯರು ನೀಡಿದ ರಕ್ತ ತೆಳುಗೊಳಿಸುವ ಔಷಧಿಯನ್ನು ಅವರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಬಾಣಂತಿಯರಿಗೆ ಹೆರಿಗೆಯ ನಂತರದ ಮೊದಲ 6 ವಾರಗಳಲ್ಲಿ ಅಪಾಯ ಅಧಿಕ. ಬಾಣಂತನದಲ್ಲಿ ದಿನವಿಡೀ ಮಲಗಿಸುವ ಹಾಗೂ ಕುಡಿಯುವ ನೀರನ್ನು ಕಡಿಮೆ ಮಾಡುವ ರೂಢಿ ಕೆಲವು ಮನೆಗಳಲ್ಲಿದೆ. ವಿಶ್ರಾಂತಿ ಅವಶ್ಯಕವಾದರೂ, ವೈದ್ಯರು ಅನುಮತಿಸಿದ ಕೂಡಲೇ ಬಾಣಂತಿಯು ಎದ್ದು ಓಡಾಡುವುದು ಮತ್ತು ಸಾಕಷ್ಟು ನೀರು ಕುಡಿಯುವುದು ಹಿತಕರ.

ಎಚ್ಚರಿಕೆಯ ಲಕ್ಷಣಗಳು

• ಒಂದೇ ಕಾಲಿನಲ್ಲಿ ಊತ, ನೋವು ಅಥವಾ ಬಿಸಿ ಕಂಡುಬಂದಲ್ಲಿ ಅದೇ ದಿನ ವೈದ್ಯರನ್ನು ಕಾಣಬೇಕು. ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಾರದು; ಹೆಪ್ಪು ಕಳಚಿಕೊಳ್ಳುವ ಸಂಭವವಿರುತ್ತದೆ.
• ಹಠಾತ್ ಉಸಿರಾಟದ ತೊಂದರೆ, ಉಸಿರೆಳೆದಾಗ ಎದೆನೋವು, ಕೆಮ್ಮಿದಾಗ ರಕ್ತ ಬೀಳುವುದು ಅಥವಾ ಪ್ರಜ್ಞೆ ತಪ್ಪುವುದು ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡಬೇಕು.

ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ಗರ್ಭನಿರೋಧಕ ಮಾತ್ರೆಯ ಸಲಹೆಗಾಗಿ ಆಸ್ಪತ್ರೆಗೆ ತೆರಳುವವರು, ಮೇಲಿನ ಪಟ್ಟಿಯಲ್ಲಿ ತಮಗೆ ಅನ್ವಯಿಸುವ ಅಂಶಗಳನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.