ಪುರುಷೋತ್ತಮನಿಗೆ ಸಲ್ಲಬೇಕಾದ ಕಾಣಿಕೆ

ಕಾಳೀ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಊರು ಬಿಟ್ಟು ರಾಮನಗರಕ್ಕೆ ಬಂದ ಸಂಸಾರಗಳಲ್ಲಿ ನಮ್ಮದೂ ಒಂದು. ನಾನಾಗ ತೊಟ್ಟಿಲ ಕೂಸು. ಸಾಮಾನಿನೊಡನೆ ಮಾಸ್ತರರಾಗಿದ್ದ ತಂದೆಯವರ ತಗಡಿನ ಪೆಟ್ಟಿಗೆಯೂ ಬಂದಿತು. ಅದರ ತುಂಬ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ ಕೇಳುತ್ತ ಬೆಳೆದ ನನಗೆ ಕನ್ನಡದ ರುಚಿ ಹತ್ತಿಸಿದವನು ಪಂಪನಲ್ಲ, ಪತ್ತೇದಾರ ಪುರುಷೋತ್ತಮ. ಎಂ.ಎ. ಮುಗಿಸಿ ಅಧ್ಯಾಪಕನಾದ ಮೇಲೆ ಈ ಮಾತನ್ನು ನಾನು ಯಾರೊಡನೆಯೂ ಆಡಲಿಲ್ಲ.

ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಪುರುಷೋತ್ತಮನನ್ನು ಕುರಿತು ಪ್ರಬಂಧ ಬರೆಯಬಹುದೆ ಎಂದು ಕೇಳಿದಳು. "ಏನಾದರೂ ಘನವಾದ ವಿಷಯ ನೋಡಮ್ಮ" ಎಂದುಬಿಟ್ಟೆ. ಆಕೆ ತಲೆ ತಗ್ಗಿಸಿ ಹೋದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಹತ್ತಲಿಲ್ಲ.

ಅಮೆರಿಕದ ಸಂಗತಿಯೊಂದು ನೆನಪಾಯಿತು. 1888ರಲ್ಲಿ ಹುಟ್ಟಿದ ರೇಮಂಡ್ ಚಾಂಡ್ಲರ್ 1939ರ ‘ದಿ ಬಿಗ್ ಸ್ಲೀಪ್’ ಕಾದಂಬರಿಯಲ್ಲಿ ಫಿಲಿಪ್ ಮಾರ್ಲೋ ಎಂಬ ಖಾಸಗಿ ಪತ್ತೇದಾರನನ್ನು ಲೋಕದ ಮುಂದೆ ನಿಲ್ಲಿಸಿದ, 1959ರಲ್ಲಿ ತೀರಿಕೊಂಡ. ಅವನ ಜನ್ಮಶತಾಬ್ದಿಗೆಂದು 1988ರಲ್ಲಿ ಬೈರನ್ ಪ್ರೀಸ್ ಸಂಪಾದಿಸಿದ ಸಂಕಲನವೊಂದು ಹೊರಬಂದಿತು. ಸಾರಾ ಪಾರೆಟ್ಸ್ಕಿ, ಮ್ಯಾಕ್ಸ್ ಅಲನ್ ಕಾಲಿನ್ಸ್ ಮೊದಲಾದವರು ಅದಕ್ಕಾಗಿ ಹೊಸ ಮಾರ್ಲೋ ಕಥೆಗಳನ್ನು ಬರೆದರು. ಚಾಂಡ್ಲರನಿಂದ ತಾವು ಪಡೆದುದೇನೆಂಬುದನ್ನೂ ಹೇಳಿಕೊಂಡರು. ಸ್ವಂತ ಪತ್ತೇದಾರರನ್ನು ಸೃಷ್ಟಿಸಿ ಹೆಸರಾದವರೇ ಹಿರಿಯನ ಪಾತ್ರಕ್ಕೆ ಹೆಗಲು ಕೊಟ್ಟರು. ಬಂಗಾಳದ ಸತ್ಯಜಿತ್ ರಾಯರೂ ತಮ್ಮ ಫೆಲೂದಾನನ್ನು ಲಂಡನ್ನಿನ ಬೇಕರ್ ಬೀದಿಗೆ ಕರೆದೊಯ್ದು ಷರ್ಲಾಕ್ ಹೋಮ್ಸನಿಗೆ ಗುರುವಂದನೆ ಸಲ್ಲಿಸಿದರು.

ಇದು ನಮಗೇನು ಹೊಸದೆ? ಪಂಪ ರಚಿಸಿದ ‘ವಿಕ್ರಮಾರ್ಜುನ ವಿಜಯ’ದ ಹದಿಮೂರನೆಯ ಆಶ್ವಾಸದ ಕಥೆಯನ್ನೇ ರನ್ನ ‘ಗದಾಯುದ್ಧ’ವಾಗಿ ಬೆಳೆಸಿದ. ಅದನ್ನು ಕಳವೆಂದು ಯಾರೂ ಹೇಳುವುದಿಲ್ಲ. ಹಿರಿಯ ಕವಿಗೆ ಕಿರಿಯ ಕವಿ ಸಲ್ಲಿಸಿದ ಗೌರವವೆಂದೇ ನಾನು ತರಗತಿಯಲ್ಲಿ ಬೋಧಿಸುತ್ತೇನೆ. ಆದರೆ ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದು 2011ರಲ್ಲಿ ಕಣ್ಮುಚ್ಚಿದ ನರಸಿಂಹಯ್ಯನವರ ಹೆಸರು ಬಂದಾಗ ನನ್ನ ಬಾಯಿ ಕಟ್ಟುತ್ತದೆ. ಬಾಡಿಗೆಗೆ ಸಿಗುತ್ತಿದ್ದ ಆ ಪುಸ್ತಕಗಳು ಕೈಯಿಂದ ಕೈಗೆ ಸವೆಯುತ್ತ ಎಷ್ಟೋ ಮನೆಗಳಲ್ಲಿ ಕನ್ನಡದ ಓದನ್ನು ಹಬ್ಬಿಸಿದವು. ಉಂಡ ಮನೆಯನ್ನು ಮರೆತವನು ನಾನು.

ಮರುದಿನ ಆ ಹುಡುಗಿಯನ್ನು ಮನೆಗೆ ಕರೆದು, ತಪ್ಪಾಯಿತೆಂದು ಹೇಳಿ, ಪೆಟ್ಟಿಗೆಯನ್ನು ತೆರೆದಿಟ್ಟೆ. ಕಾಗದ ಮುಟ್ಟಿದರೆ ಪುಡಿಯಾಗುತ್ತಿತ್ತು. ಒಂದು ಪುಸ್ತಕಕ್ಕಂತೂ ಕೊನೆಯ ಹಾಳೆಯೇ ಇರಲಿಲ್ಲ.

"ಸರ್, ಕೊಲೆ ಮಾಡಿದವರು ಯಾರು?" ಎಂದು ಕೇಳಿದಳು.

"ಆ ಹಾಳೆ ಎಲ್ಲಿದೆಯೋ ಹುಡುಕಮ್ಮ, ನಿನ್ನ ಪ್ರಬಂಧ ಅಲ್ಲಿಂದಲೇ ಆರಂಭವಾಗಲಿ" ಎಂದೆ.