ಉತ್ತರ ಕನ್ನಡದ ಕರಾವಳಿಯಲ್ಲಿ ಅಕ್ಷರ, ಅಚ್ಚು ಮತ್ತು ಸ್ತ್ರೀ: ಒಂದು ಐತಿಹಾಸಿಕ ವಿವೇಚನೆ

೧

ಸುದ್ದಿಯನ್ನೂ ಅಭಿಪ್ರಾಯವನ್ನೂ ಲೋಕಕ್ಕೆ ತಲುಪಿಸುವ ವೃತ್ತಿಗಳಲ್ಲಿ ಸ್ತ್ರೀಯರಿಗೆ ದೊರೆತ ಸ್ಥಾನವನ್ನು ಚರ್ಚಿಸುವವರು ಸಾಮಾನ್ಯವಾಗಿ ಮಹಾನಗರಗಳ ಕಚೇರಿಗಳನ್ನೇ ದೃಷ್ಟಿಯಲ್ಲಿಟ್ಟುಕೊಳ್ಳುತ್ತಾರೆ. ಸಣ್ಣ ಊರುಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಇನ್ನೂ ಸ್ಪಷ್ಟವಾಗಿ ಗೋಚರಿಸುತ್ತದೆಂಬುದು ನಮ್ಮ ಅಭಿಪ್ರಾಯ. ಆದಕಾರಣ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಬಂದರುಗಳ ಪ್ರದೇಶವನ್ನು ಆರಿಸಿಕೊಂಡು, ಅಕ್ಷರವನ್ನು ಕಲಿತವರು ಯಾರು, ಅದನ್ನು ಪ್ರಕಟಿಸುವ ಸಾಧನ ಯಾರ ಕೈಯಲ್ಲಿತ್ತು, ಹೆಸರು ಯಾರದಾಗಿ ಉಳಿಯಿತು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

೨

ಮೊದಲ ಪ್ರಶ್ನೆಗೆ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲೊಂದು ಹೊನ್ನಾವರದ್ದೇ ಆಗಿದೆ. ೧೪ನೆಯ ಶತಮಾನದ ೪೦ರ ದಶಕದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತನು, ಊರಿನಲ್ಲಿ ಬಾಲಕರಿಗಾಗಿ ೨೩ ಪಾಠಶಾಲೆಗಳೂ ಬಾಲಿಕೆಯರಿಗಾಗಿ ೧೩ ಪಾಠಶಾಲೆಗಳೂ ಇದ್ದುವೆಂದು ಬರೆದಿದ್ದಾನೆ. ಇಲ್ಲಿಯ ಸ್ತ್ರೀಯರು ಕುರಾನನ್ನು ಕಂಠಸ್ಥ ಮಾಡಿದ್ದರೆಂದೂ ಅವನು ಹೇಳುತ್ತಾನೆ. ಇದು ಮುಸಲ್ಮಾನ ವರ್ತಕ ಸಮಾಜವೊಂದರ ಚಿತ್ರ. ಇಡೀ ಪ್ರಾಂತಕ್ಕೆ ಇದನ್ನು ವಿಸ್ತರಿಸಲಾಗದು. ಅಲ್ಲದೆ ಪಠಿಸುವ ವಿದ್ಯೆ ಬೇರೆ, ಬರೆದು ಲೋಕದ ಮುಂದಿಡುವ ವಿದ್ಯೆ ಬೇರೆ. ಆದರೂ ಕರಾವಳಿಯ ಸ್ತ್ರೀಗೆ ಅಕ್ಷರವು ಆಧುನಿಕ ಕಾಲದ ದಾನವೆಂಬ ನಂಬಿಕೆಯನ್ನು ಸಡಿಲಿಸಲು ಈ ಸಾಕ್ಷ್ಯ ಸಾಕು.

ಎರಡು ಶತಮಾನಗಳ ತರುವಾಯ ಇದೇ ಪ್ರದೇಶದಲ್ಲಿ ರಾಜ್ಯಾಧಿಕಾರವೇ ಸ್ತ್ರೀಯ ಕೈಯಲ್ಲಿತ್ತು. ೧೬ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯು ಮೆಣಸಿನ ವ್ಯಾಪಾರವನ್ನು ತನ್ನ ಹಿಡಿತದಲ್ಲಿಟ್ಟುಕೊಂಡು ಪೋರ್ತುಗೀಸರೊಡನೆ ಸೆಣಸಿದಳು. ಅವರು ಆಕೆಯನ್ನು 'ಮೆಣಸಿನ ರಾಣಿ' ಎಂದು ಕರೆದರು. ಗಮನಿಸಬೇಕಾದುದೆಂದರೆ, ಆಕೆಯ ಕೀರ್ತಿಯನ್ನು ಹೊತ್ತು ತಂದ ಹೆಸರೂ ಆಕೆಯ ಪ್ರತಿಪಕ್ಷದವರು ಕೊಟ್ಟದ್ದು. ಆಳಿದವಳು ರಾಣಿ, ಆಕೆಯನ್ನು ಬಣ್ಣಿಸಿದವರು ಅನ್ಯರು. ಅಧಿಕಾರ ದೊರೆತ ಮಾತ್ರಕ್ಕೆ ತನ್ನ ಕಥೆಯನ್ನು ತಾನೇ ಹೇಳುವ ಅವಕಾಶ ದೊರೆತಂತಾಗುವುದಿಲ್ಲ.

೩

ಅಚ್ಚಿನ ಯುಗಕ್ಕೆ ಬರೋಣ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ'ವನ್ನು ಆರಂಭಿಸಿದಾಗ ಉತ್ತರ, ದಕ್ಷಿಣ ಕನ್ನಡಗಳೆರಡೂ ಒಂದೇ ಜಿಲ್ಲೆಯಾಗಿದ್ದುವು. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಆ ಬಳಿಕ ಇಲ್ಲಿಯ ವಿದ್ಯಾವಂತರ ದೃಷ್ಟಿ ಮುಂಬಯಿಯ ಕಡೆಗೆ ಹೊರಳಿತು. ಧಾರವಾಡ ಸೀಮೆಯ ಹತ್ತಿಯು ಕುಮಟೆಯ ಬಂದರಿನಿಂದ ಹಡಗೇರುತ್ತಿದ್ದ ಆ ದಿನಗಳಲ್ಲಿ ಹಣವೂ ವಿಚಾರಗಳೂ ಒಂದೇ ದಾರಿಯಲ್ಲಿ ಸಂಚರಿಸಿದುವು.

ಹೊನ್ನಾವರದ ಸಮೀಪದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ೧೮೮೭ರಲ್ಲಿ ಪ್ರಕಟಿಸಿದ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವು ಈ ಸಂಚಾರದ ಫಲ. ಹಣ ಪಡೆದು ಕನ್ಯೆಯನ್ನು ಮುದುಕನಿಗೆ ಕೊಡುವ ಪದ್ಧತಿಯನ್ನು ಅದು ನಿಷ್ಠುರವಾಗಿ ಹಾಸ್ಯಕ್ಕೆ ಗುರಿಮಾಡಿತು. ಕನ್ನಡದ ಆಧುನಿಕ ಸಾಮಾಜಿಕ ನಾಟಕದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಹೀಗೆ ಈ ಕರಾವಳಿಯ ಮುದ್ರಿತ ಸಾಹಿತ್ಯದಲ್ಲಿ ಸ್ತ್ರೀಯು ಮೊದಲಿಗೆ ವಿಷಯವಾಗಿ ಬಂದಳು. ಆ ಸುಧಾರಕರ ಸದುದ್ದೇಶವನ್ನು ನಾವು ಮನಸಾರೆ ಗೌರವಿಸುತ್ತೇವೆ. ಆದರೆ ಕರುಣೆಗೆ ವಿಷಯವಾಗುವುದು ಒಂದು, ಲೇಖನಿಗೆ ಒಡತಿಯಾಗುವುದು ಇನ್ನೊಂದು.

ಅಚ್ಚಿಗಿಂತ ಹಳೆಯದಾದ, ಅಚ್ಚಿಗಿಂತ ವ್ಯಾಪಕವಾದ ಮಾಧ್ಯಮವಾದ ಯಕ್ಷಗಾನದಲ್ಲಿಯೂ ಸ್ಥಿತಿ ಇದೇ. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳವೂ ಸೇರಿದಂತೆ ಹೊನ್ನಾವರ ಸೀಮೆಯ ಮೇಳಗಳು ಈ ಕಲೆಗೆ ಅಪಾರ ಕೀರ್ತಿಯನ್ನು ತಂದುವು. ಆ ರಂಗದಲ್ಲಿ ಪುರುಷರೇ ಸ್ತ್ರೀವೇಷವನ್ನು ಧರಿಸಿದರು. ದ್ರೌಪದಿಯ ಅಳಲನ್ನೂ ಸೀತೆಯ ವಾದವನ್ನೂ ಪುರುಷರೇ ಅರ್ಥ ಹೇಳಿದರು. ಇದಕ್ಕೆ ಸಂಪ್ರದಾಯದೊಡನೆ ವೃತ್ತಿಯ ರಚನೆಯೂ ಕಾರಣ: ತಿಂಗಳುಗಟ್ಟಲೆ ತಿರುಗಾಟ, ರಾತ್ರಿಯಿಡೀ ಆಟ, ಪರವೂರಿನ ಬಿಡಾರ.

೪

ಸಾಧನ ಯಾರ ಕೈಯಲ್ಲಿತ್ತು ಎಂಬ ಎರಡನೆಯ ಪ್ರಶ್ನೆಗೆ ಚರಿತ್ರಕಾರನಿಗೆ ದೊರೆಯುವ ಉತ್ತಮ ಆಕರವೆಂದರೆ ಪತ್ರಿಕೆಯ ಅಡಿಯಲ್ಲಿ ಮುದ್ರಿತವಾದ ಒಂದು ಸಾಲು. ೧೮೬೭ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯು ಪ್ರತಿಯೊಂದು ಮುದ್ರಿತ ಪತ್ರದಲ್ಲಿ ಮುದ್ರಕನ ಹೆಸರನ್ನೂ ಸ್ಥಳವನ್ನೂ ನಮೂದಿಸಬೇಕೆಂದು ವಿಧಿಸಿತು. ಆ ಕಾಯಿದೆಯು ಸ್ತ್ರೀಯನ್ನು ಎಲ್ಲಿಯೂ ಹೊರಗಿಡಲಿಲ್ಲ. ಹೊರಗಿಟ್ಟದ್ದು ಬಂಡವಾಳ, ಶಿಕ್ಷಣ ಮತ್ತು ಸಂಚಾರ. ಕುಮಟೆಯ 'ಕಾನಡಾ ಧುರೀಣ', ಜಿ. ಆರ್. ಪಾಂಡೇಶ್ವರರ ಸಂಪಾದಕತ್ವದ ಹೊನ್ನಾವರದ 'ನಾಗರಿಕ' ಮೊದಲಾದ ಪತ್ರಿಕೆಗಳು ಬೆಳೆದದ್ದು ಸಣ್ಣ ಊರಿನ ಪರಿಮಿತ ಸಂಪನ್ಮೂಲಗಳಲ್ಲಿ. ಇಂತಹ ಊರುಗಳಲ್ಲಿ ಮುದ್ರಣಾಲಯವು ಮನೆತನದ ಆಸ್ತಿಯಾಗಿರುವುದೇ ಹೆಚ್ಚು. ಮನೆತನದ ಆಸ್ತಿಯು ಪುತ್ರನ ಕೈಗೆ ಹೋಗುವುದೇ ರೂಢಿ.

ಈ ರೂಢಿಯನ್ನು ಮೀರಿದವರು ಕನ್ನಡನಾಡಿನ ಬೇರೆಡೆಗಳಲ್ಲಿ ಕಾಣಸಿಗುತ್ತಾರೆ. ೧೮೮೭ರಲ್ಲಿ ಹುಟ್ಟಿ ಎಳೆವಯಸ್ಸಿನಲ್ಲಿಯೇ ವಿಧವೆಯಾದ ನಂಜನಗೂಡು ತಿರುಮಲಾಂಬಾ ಅವರು ೧೯೧೩ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿ, ಅನಂತರ 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ನಡೆಸಿದರು. ಆರ್. ಕಲ್ಯಾಣಮ್ಮನವರು 'ಸರಸ್ವತಿ' ಮಾಸಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ನಡೆಸಿದರು. ಉಡುಪಿಯ ಸರಸ್ವತೀಬಾಯಿ ರಾಜವಾಡೆಯವರು 'ಸುಪ್ರಭಾತ'ವನ್ನು ಹೊರತಂದರು. ಇವರು ಅನ್ಯರ ಪತ್ರಿಕೆಯಲ್ಲಿ ಸ್ಥಳವನ್ನು ಬೇಡದೆ ಪತ್ರಿಕೆಯನ್ನೇ ಕಟ್ಟಿದರೆಂಬುದು ಮಹತ್ತ್ವದ ಸಂಗತಿ. ಒಡೆತನವಿದ್ದಲ್ಲಿ ಹೆಸರು ತಾನಾಗಿಯೇ ಉಳಿಯಿತು. ಆದರೂ ೧೯೮೨ರಲ್ಲಿ ತಿರುಮಲಾಂಬಾ ಅವರು ತೀರಿಕೊಂಡಾಗ ನಾಡು ಅವರನ್ನು ಬಹುಮಟ್ಟಿಗೆ ಮರೆತಿತ್ತು. ಉಳಿದ ಹೆಸರನ್ನು ಓದುವವರೂ ಬೇಕು.

೫

ಸ್ವಾತಂತ್ರ್ಯಾನಂತರ ಕಾನೂನು ಈ ವೃತ್ತಿಯನ್ನು ಪ್ರವೇಶಿಸಿತು. ೧೯೪೮ರ ಕಾರ್ಖಾನೆ ಕಾಯಿದೆಯು ಸ್ತ್ರೀಯರ ರಕ್ಷಣೆಗಾಗಿ ರಾತ್ರಿಯ ದುಡಿಮೆಯನ್ನು ನಿರ್ಬಂಧಿಸಿತು. ಆದರೆ ಬೆಳಗಿನ ಪತ್ರಿಕೆ ಅಚ್ಚಾಗುವುದು ರಾತ್ರಿಯಲ್ಲಿಯೇ. ರಕ್ಷಣೆಯ ಬಾಗಿಲೇ ಅಗುಳಿಯೂ ಆಯಿತು. ೧೯೫೫ರ ಕಾರ್ಯನಿರತ ಪತ್ರಕರ್ತರ ಕಾಯಿದೆಯು ಸ್ತ್ರೀಪುರುಷ ಭೇದವಿಲ್ಲದೆ ವೇತನಕ್ಕೆ ವ್ಯವಸ್ಥೆ ಮಾಡಿತು. ಆದರೆ ಪತ್ರಿಕಾವೃತ್ತಿಯೇ ಮುಖ್ಯ ಜೀವನೋಪಾಯವಾಗಿರುವವರಿಗೆ ಮಾತ್ರ ಅದು ಅನ್ವಯಿಸಿತು. ಬೇರೆ ಉದ್ಯೋಗದಿಂದ ಬದುಕುತ್ತ ಸುದ್ದಿ ಕಳುಹಿಸುವ ತಾಲೂಕಿನ ಬಾತ್ಮೀದಾರರು ಅದರ ಹೊರಗುಳಿದರು. ೧೯೭೬ರ ಸಮಾನ ವೇತನ ಕಾಯಿದೆಯ ಫಲವೂ ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರಿಗೇ ದೊರೆಯುವಂಥದಾಗಿತ್ತು.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ ೨೦೧೩ರ ಕಾಯಿದೆಯು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿಯನ್ನು ಕಡ್ಡಾಯಗೊಳಿಸಿದೆ. ಅದಕ್ಕಿಂತ ಸಣ್ಣ ಕಚೇರಿಯಲ್ಲಿರುವವಳು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಭಟ್ಕಳದಲ್ಲಿ ಸಣ್ಣ ಕಚೇರಿಯೊಂದರಲ್ಲಿ ದುಡಿಯುವ ವರದಿಗಾರ್ತಿಗೆ ಆ ಸಮಿತಿ ಎಂದರೆ ದೂರದ ಕಾರವಾರ. ಹಕ್ಕು ಒಂದೇ ಆದರೂ ಅದನ್ನು ಮುಟ್ಟುವ ದಾರಿ ಎಲ್ಲರಿಗೂ ಒಂದೇ ಆಗಿಲ್ಲ.

೬

ಈ ವಿವೇಚನೆಯಿಂದ ನಾವು ತಲುಪುವ ನಿರ್ಣಯ ಇಷ್ಟು: ಅಕ್ಷರ, ಸಾಧನ, ಹೆಸರು ಈ ಮೂರೂ ಸ್ತ್ರೀಗೆ ಏಕಕಾಲದಲ್ಲಿ ದೊರೆತದ್ದು ಅಪರೂಪ. ಭಟ್ಕಳದಲ್ಲಿ ೧೯೧೯ರಲ್ಲಿ ಸ್ಥಾಪಿತವಾದ ಅಂಜುಮನ್ ಸಂಸ್ಥೆಯಿಂದ ಮೊದಲ್ಗೊಂಡು ಕುಮಟಾ, ಹೊನ್ನಾವರಗಳ ಕಾಲೇಜುಗಳವರೆಗೆ ಹಬ್ಬಿದ ಶಿಕ್ಷಣವು ಅಕ್ಷರದ ಪ್ರಶ್ನೆಯನ್ನು ಬಹಳಮಟ್ಟಿಗೆ ಪರಿಹರಿಸಿದೆ. ಉಳಿದಿರುವುದು ಸಾಧನದ ಪ್ರಶ್ನೆ ಮತ್ತು ಹೆಸರಿನ ಪ್ರಶ್ನೆ. ನಮ್ಮ ವಿದ್ಯಾರ್ಥಿಗಳು ತಮ್ಮ ತಾಲೂಕಿನ ಹಳೆಯ ಪತ್ರಿಕೆಗಳ ಕೊನೆಯ ಸಾಲುಗಳನ್ನು ವರ್ಷವಾರು ಸಂಗ್ರಹಿಸಿ, ಅಲ್ಲಿ ಸ್ತ್ರೀಯ ಹೆಸರು ಎಂದು ಬಂದಿತು, ಎಷ್ಟು ಕಾಲ ನಿಂದಿತು ಎಂಬುದನ್ನು ಗುರುತಿಸಿದರೆ, ಈ ಚರಿತ್ರೆಗೆ ಭದ್ರವಾದ ತಳಹದಿ ದೊರೆಯುವುದು.